ಮಾಹಿತಿ ಹುಡುಕಲು ಮಕ್ಕಳಿಗೆ ಕಲಿಸುವುದು ಹೇಗೆ?

ಐದನೆಯ ತರಗತಿಯ ಮಗುವಿಗೆ ‘ಬೆಂಗಳೂರಿನ ಕೆರೆಗಳು’ ಎಂಬ ಪ್ರಾಜೆಕ್ಟ್ ಕೊಟ್ಟರೆ ಬಹಳಷ್ಟು ಮನೆಗಳಲ್ಲಿ ಅಪ್ಪ ಮೊಬೈಲಿನಲ್ಲಿ ಹುಡುಕಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತಾರೆ, ಅಮ್ಮ ಅದನ್ನು ಕತ್ತರಿಸಿ ಅಂಟಿಸುತ್ತಾರೆ, ಮಗು ಚಾರ್ಟಿನ ಅಂಚಿಗೆ ಬಣ್ಣ ಬಳಿಯುತ್ತದೆ. ಹುಡುಕುವ ಕೆಲಸವನ್ನು ಮಗುವೇ ಮಾಡಬೇಕು. ಹತ್ತು ವರ್ಷದ ಮಗುವಿಗೆ ಅದು ಖಂಡಿತ ಸಾಧ್ಯ.

ಮೊದಲು ವಿಷಯವನ್ನು ಪ್ರಶ್ನೆಯಾಗಿ ಬದಲಿಸಿ. ‘ಕೆರೆಗಳು’ ಎಂದರೆ ಎಲ್ಲಿಂದ ಆರಂಭಿಸಬೇಕೆಂದು ಮಗುವಿಗೆ ತಿಳಿಯುವುದಿಲ್ಲ. ‘ಮೆಜೆಸ್ಟಿಕ್ ಬಸ್ ನಿಲ್ದಾಣವಿರುವ ಜಾಗದಲ್ಲಿ ಹಿಂದೆ ಇದ್ದ ಧರ್ಮಾಂಬುಧಿ ಕೆರೆ ಏನಾಯಿತು?’ ಎಂದರೆ ತಿಳಿಯುತ್ತದೆ.

ಬಳಿಕ ಎರಡು ಪುಸ್ತಕಗಳನ್ನೂ ಒಬ್ಬ ಹಿರಿಯರನ್ನೂ ಆಯ್ದುಕೊಳ್ಳಿ. ಬಡಾವಣೆಯ ಗ್ರಂಥಾಲಯದಲ್ಲಿ ಪುಸ್ತಕ ಸಿಗದಿದ್ದರೆ ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಮಗುವನ್ನು ಕರೆದೊಯ್ದು, ಬೇಕಾದುದನ್ನು ಅದರ ಬಾಯಿಂದಲೇ ಕೇಳಿಸಿ. ಅಂತರ್ಜಾಲವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಹೆಚ್ಚಿನವರು ಎಡವುವುದು ಮುಂದಿನ ಹಂತವಾದ ಟಿಪ್ಪಣಿಯಲ್ಲಿ. ‘ಮುಖ್ಯವಾದುದನ್ನು ಬರೆದುಕೋ’ ಎಂದರೆ ಮಗು ಇಡೀ ಪುಟವನ್ನೇ ನಕಲು ಮಾಡುತ್ತದೆ, ಏಕೆಂದರೆ ಅದಕ್ಕೆ ಎಲ್ಲವೂ ಮುಖ್ಯವಾಗಿಯೇ ಕಾಣುತ್ತದೆ. ಆದ್ದರಿಂದ ಒಂದು ಪ್ಯಾರಾವನ್ನು ಮಾತ್ರ ಓದಿಸಿ, ಪುಸ್ತಕ ಮುಚ್ಚಿಸಿ, ‘ಇದನ್ನು ನಿನ್ನ ತಂಗಿಗೆ ಹೇಗೆ ಹೇಳುತ್ತೀಯ?’ ಎಂದು ಕೇಳಿ. ಅದು ಬಾಯಲ್ಲಿ ಹೇಳಿದ ಮೇಲೆಯೇ ಪೆನ್ಸಿಲ್ ಕೊಡಿ. ‘1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು, ಆಮೇಲೆ ಪೇಟೆಯ ಜನಕ್ಕೆ ಈ ಕೆರೆಯ ನೀರು ಅಷ್ಟು ಬೇಕಾಗಲಿಲ್ಲ’ ಎಂದು ಬರೆದರೆ ಸಾಕು. ವಾಕ್ಯ ಸೊಟ್ಟಗಿದ್ದರೂ ತಿದ್ದಲು ಹೋಗಬೇಡಿ. ತಿದ್ದಿದ ಕೂಡಲೇ ಮಗು ಪುಸ್ತಕದ ಭಾಷೆಗೆ ಮರಳುತ್ತದೆ. ಒಂದು ಚೀಟಿಯಲ್ಲಿ ಒಂದೇ ಸಂಗತಿ ಇರಲಿ, ಹಿಂಬದಿಯಲ್ಲಿ ಪುಸ್ತಕದ ಹೆಸರು ಮತ್ತು ಪುಟಸಂಖ್ಯೆ ಇರಲಿ. ಉದ್ದನೆಯ ನೋಟ್‌ಬುಕ್ ಈ ಕೆಲಸಕ್ಕೆ ಬೇಡ: ಚೀಟಿಗಳನ್ನು ನೆಲದ ಮೇಲೆ ಹರಡಿ ಹಿಂದೆ ಮುಂದೆ ಮಾಡಬಹುದು, ನೋಟ್‌ಬುಕ್ಕಿನ ಪುಟಗಳನ್ನು ಹಾಗೆ ಜೋಡಿಸಲಾಗದು.

ಸ್ಟೇಷನರಿ ಅಂಗಡಿಗಳಲ್ಲಿ ಚಿತ್ರ ಮತ್ತು ವಿವರಣೆ ಎರಡನ್ನೂ ಮುದ್ರಿಸಿದ ಹಾಳೆಗಳು ಸಿಗುತ್ತವೆ. ಅವುಗಳ ವಿವರಣೆ ಎಲ್ಲಿಂದ ಬಂತೆಂದು ಹಾಳೆಯಲ್ಲಿ ಎಲ್ಲಿಯೂ ಇರುವುದಿಲ್ಲ, ದಯವಿಟ್ಟು ಕೊಳ್ಳಬೇಡಿ. ಮೊಬೈಲಿಗೆ ಪ್ರಶ್ನೆ ಹೇಳಿ ಪಡೆದ ಸಿದ್ಧ ಉತ್ತರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಎರಡು ಆಕರಗಳು ಬೇರೆ ಬೇರೆ ಇಸವಿ ಹೇಳಿದರೆ ಎರಡನ್ನೂ ಬರೆಸಿ, ಮೂರನೆಯದರಲ್ಲಿ ನೋಡಿಸಿ. ಹಿರಿಯರು ಹೇಳಿದ್ದನ್ನು ‘ತಾತ ಹೇಳಿದರು’ ಎಂದೇ ನಮೂದಿಸಬೇಕು. ಸಂಪಂಗಿ ಕೆರೆ ಇದ್ದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ ಎಂಬಂಥ ಸಂಗತಿಯನ್ನು ಹಳೆಯ ನಕ್ಷೆಯೊಂದಿಗೆ ಹೋಲಿಸಿ ನೋಡಲು ಮಗುವಿಗೂ ಬರುತ್ತದೆ.

ಚೀಟಿಗಳು ಸರಿಯಾದ ಸಾಲಿಗೆ ಬಂದರೆ ಬರವಣಿಗೆ ಒಂದು ಸಂಜೆಯ ಕೆಲಸ. ಶಿಕ್ಷಕರು ಚಾರ್ಟಿನ ಜೊತೆಗೆ ಚೀಟಿಗಳನ್ನೂ ತರಿಸಿಕೊಳ್ಳಬೇಕು, ಅಂಕಗಳಲ್ಲಿ ಹೆಚ್ಚಿನ ಪಾಲನ್ನು ಅವಕ್ಕೇ ಕೊಡಬೇಕು.