ಹಳೇ ಡೆಸ್ಕ್‌ಟಾಪ್, ಮನೆಯ ಕ್ಯಾಸೆಟ್‌ಗಳು, ಹೊಸ ಕೋಡೆಕ್‌ಗಳು: ನನ್ನ ಅನುಭವ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪು ಬೇಕು, ಪ್ರೊಸೆಸರ್ ಇಂಟೆಲ್‌ದಾದರೆ ಹೆಚ್ಚುಕಡಿಮೆ 8ನೇ ಜನರೇಷನ್ ಅಥವಾ ಅದರ ನಂತರದ್ದೇ ಆಗಬೇಕು. ಚೆನ್ನಾಗಿ ಓಡುತ್ತಿದ್ದ ಎಷ್ಟೋ ಡೆಸ್ಕ್‌ಟಾಪ್‌ಗಳು ಗುಜರಿ ದಾರಿ ಹಿಡಿದವು. ನಮ್ಮನೆಯದೂ ಅದೇ ಸಾಲಿನದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ನಾನೇ ಜೋಡಿಸಿದ 6ನೇ ಜನರೇಷನ್ ಐ5. ಅದನ್ನು ಕೊಡಲು ನನಗೆ ಮನಸ್ಸಿರಲಿಲ್ಲ. ಡೆಬಿಯನ್ ಲಿನಕ್ಸ್ ಹಾಕಿ, ಮನೆಯ ವಿಡಿಯೋ, ಹಾಡು, ಫೋಟೊಗಳಿಗೆಲ್ಲ ಅದನ್ನೇ ಮೀಡಿಯಾ ಸರ್ವರ್ ಮಾಡಿಕೊಂಡೆ, ಅಂದರೆ ಎಲ್ಲವನ್ನೂ ಕೂಡಿಟ್ಟು ಟಿವಿ, ಫೋನುಗಳಿಗೆ ಕಳಿಸುವ ಕಂಪ್ಯೂಟರ್.

ನಮ್ಮ ಮನೆ ಸಾಗರದ ಕಡೆ. ಬೀರುವಿನಲ್ಲಿ ವಿಎಚ್‌ಎಸ್ ಕ್ಯಾಸೆಟ್‌ಗಳಿದ್ದವು, ಟೇಪ್‌ರೆಕಾರ್ಡರ್‌ನಲ್ಲಿ ತುಂಬಿಸಿಕೊಂಡ ಆಡಿಯೋ ಕ್ಯಾಸೆಟ್‌ಗಳಿದ್ದವು, ಮದುವೆ ಮುಂಜಿಗಳ ವಿಸಿಡಿಗಳಿದ್ದವು, ಜೊತೆಗೆ ಎಲ್ಲರ ಫೋನುಗಳಲ್ಲಿ ಹಂಚಿಹೋದ ವಿಡಿಯೋಗಳು. ಇವೆಲ್ಲ ಒಂದೇ ಕಡೆ ಸಿಗಬೇಕು, ಅಮ್ಮ ಟಿವಿ ರಿಮೋಟ್‌ನಲ್ಲೇ ಹಾಕಿಕೊಂಡು ನೋಡುವಂತಿರಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಈ ಕೆಲಸಕ್ಕೆ ಕೂತ ಮೇಲೆ ನಾನು ಕಂಪ್ಯೂಟರ್ ಸುದ್ದಿ ಓದುವ ರೀತಿಯೇ ಬದಲಾಯಿತು. ಮೊದಲೆಲ್ಲ ಹೊಸ ಪ್ರೊಸೆಸರ್ ಬಂತು ಅಂದರೆ ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್ ಅಂತ ನೋಡುತ್ತಿದ್ದೆ. ಈಗ ಮೊದಲು ನೋಡುವುದು ಅದು ಯಾವ ಕೋಡೆಕ್ ಬಿಚ್ಚುತ್ತದೆ ಅನ್ನುವುದನ್ನು. ವಿಡಿಯೋವನ್ನು ಕುಗ್ಗಿಸಿ ಇಡುವ, ಆಮೇಲೆ ಬಿಚ್ಚಿ ತೋರಿಸುವ ವಿಧಾನವೇ ಕೋಡೆಕ್. ಮನೆಯಲ್ಲಿ ವಿಡಿಯೋ ಸರಾಗವಾಗಿ ಓಡುತ್ತದೋ ಇಲ್ಲವೋ ಅನ್ನುವುದು ಬಹುತೇಕ ಅದರ ಮೇಲೇ ನಿಂತಿದೆ.

ನಮ್ಮ ಬೀರುವಿನಲ್ಲೇ ಕೋಡೆಕ್‌ಗಳ ಚರಿತ್ರೆ ಇತ್ತು. ವಿಸಿಡಿಯಲ್ಲಿರುವುದು ಎಂಪೆಗ್-1. ನಮ್ಮ ದೇಶದ ಹಳೇ ಟಿವಿಗಳ ಪಾಲ್ ಪದ್ಧತಿಯಲ್ಲಿ ಅದರ ಚಿತ್ರ ಬರೀ 352 x 288 ಪಿಕ್ಸೆಲ್. ಒಂದು ಡಿಸ್ಕಿಗೆ ಸುಮಾರು 74 ನಿಮಿಷ, ಅದಕ್ಕೇ ಮದುವೆ ವಿಸಿಡಿ ಅಂದರೆ ಎರಡು ಮೂರು ಡಿಸ್ಕಿನ ಸೆಟ್. ಡಿವಿಡಿ ಬಂದಾಗ ಎಂಪೆಗ್-2 ಬಂತು. 2003ರಲ್ಲಿ ಎಚ್.264. ಇವತ್ತು ಟಿವಿ, ಫೋನು, ಬ್ರೌಸರು ಯಾವುದೇ ಇರಲಿ, ಎಚ್.264 ಕೊಟ್ಟರೆ ಓಡುತ್ತದೆ. 2013ರಲ್ಲಿ ಎಚ್.265 ಬಂತು, ಎಚ್‌ಇವಿಸಿ ಅನ್ನುವುದೂ ಅದನ್ನೇ. ಅರ್ಧದಷ್ಟು ಜಾಗದಲ್ಲಿ ಹೆಚ್ಚುಕಡಿಮೆ ಅದೇ ಗುಣಮಟ್ಟ ಕೊಡುವುದು ಅದರ ಗುರಿ. ಆದರೆ ಅದರ ಪೇಟೆಂಟ್‌ಗಳು ಬೇರೆ ಬೇರೆ ಗುಂಪುಗಳ ಕೈಯಲ್ಲಿದ್ದು ಲೈಸೆನ್ಸ್ ವ್ಯವಹಾರ ಜಟಿಲವಾಯಿತು. ಅದಕ್ಕೆ ಗೂಗಲ್, ನೆಟ್‌ಫ್ಲಿಕ್ಸ್, ಅಮೆಜಾನ್, ಮೊಜಿಲ್ಲಾ, ಇಂಟೆಲ್ ಮುಂತಾದವರು ಸೇರಿ ರಾಯಧನ ಕೇಳದ ಎವಿ1 ತಯಾರಿಸಿದರು. ಅದು 2018ರಲ್ಲಿ ಹೊರಬಂತು.

ನನ್ನ 6ನೇ ಜನರೇಷನ್ ಚಿಪ್ಪು ಎಚ್.264ನ್ನೂ 8 ಬಿಟ್ ಎಚ್‌ಇವಿಸಿಯನ್ನೂ ಹಾರ್ಡ್‌ವೇರ್‌ನಲ್ಲೇ ಬಿಚ್ಚುತ್ತದೆ. ಬಿಟ್ ಹೆಚ್ಚಿದಷ್ಟೂ ಬಣ್ಣದ ಛಾಯೆಗಳು ಹೆಚ್ಚು. 10 ಬಿಟ್ ಎಚ್‌ಇವಿಸಿ ಸರಿಯಾಗಿ ಬಂದದ್ದು 7ನೇ ಜನರೇಷನ್‌ನಿಂದ. ಎವಿ1 ಬಿಚ್ಚುವುದು 11ನೇ ಜನರೇಷನ್‌ನಿಂದ. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ಅಣ್ಣನ ಮಗಳು ತನ್ನ ಐಫೋನ್‌ನಲ್ಲಿ ತೆಗೆದ ಜೋಗದ ವಿಡಿಯೋ ಹಾಕಿದ ದಿನ ಅದು ಎಷ್ಟು ದೊಡ್ಡದು ಅಂತ ಗೊತ್ತಾಯಿತು. ಐಫೋನ್ 12ರಿಂದ ಈಚೆಗೆ ಬೆಳಕು ನೆರಳನ್ನು ಹೆಚ್ಚು ವಿವರವಾಗಿ ಹಿಡಿಯುವ ಎಚ್‌ಡಿಆರ್ ಆನ್ ಇದ್ದರೆ ವಿಡಿಯೋ 10 ಬಿಟ್ ಎಚ್‌ಇವಿಸಿಯಲ್ಲಿ ದಾಖಲಾಗುತ್ತದೆ. ಅದನ್ನು ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ನೋಡಲು ಹೋದಾಗ, ಅದಕ್ಕೆ ಎಚ್‌ಇವಿಸಿ ಬಿಚ್ಚಲು ಬಾರದ್ದರಿಂದ, ಸರ್ವರ್ ಆ ವಿಡಿಯೋವನ್ನು ಕೂತಲ್ಲೇ ಎಚ್.264ಕ್ಕೆ ಬದಲಾಯಿಸಿ ಕಳಿಸಬೇಕಾಯಿತು. ನಾಲ್ಕೂ ಕೋರ್ ತುಂಬಿಹೋದವು, ಫ್ಯಾನ್ ಜೋರಾಯಿತು, ಚಿತ್ರ ತಡೆದು ತಡೆದು ಬಂತು. ಅದೇ ಫೈಲನ್ನು ಟಿವಿಯಲ್ಲಿ ಹಾಕಿದರೆ ನೀರು ಕುಡಿದಷ್ಟು ಸಲೀಸು. ಸರ್ವರ್ ಮೇಲೆ ಒಂದಿಷ್ಟೂ ಭಾರವಿಲ್ಲ. ಯಾಕೆಂದರೆ 4ಕೆ ಟಿವಿಯೊಳಗೇ ಎಚ್‌ಇವಿಸಿ ಬಿಚ್ಚುವ ಚಿಪ್ಪಿದೆ. ಸರ್ವರ್ ಸುಮ್ನೆ ಫೈಲ್ ಎತ್ತಿ ಕೊಟ್ಟರೆ ಸಾಕು. ಇದಕ್ಕೆ ಡೈರೆಕ್ಟ್ ಪ್ಲೇ ಅನ್ನುತ್ತಾರೆ.

ಹೊಸದಾಗಿ ಮೀಡಿಯಾ ಸರ್ವರ್ ಮಾಡುವವರಿಗೆ ನಾನು ಒತ್ತಿ ಹೇಳುವ ಮಾತು ಇದೇ. ಸರ್ವರ್‌ಗೆ ದುಡ್ಡು ಸುರಿಯುವ ಮೊದಲು ನೋಡುವ ಕಡೆಯ ಉಪಕರಣ ಏನೇನು ಬಿಚ್ಚುತ್ತದೆ ನೋಡಿ. ಟಿವಿ ಎಲ್ಲವನ್ನೂ ತಾನೇ ಬಿಚ್ಚುವುದಾದರೆ ಹತ್ತು ವರ್ಷದ ಹಳೇ ಕಂಪ್ಯೂಟರ್ ಧಾರಾಳ ಸಾಕು.

ಸರ್ವರ್ ತಂತ್ರಾಂಶಕ್ಕೆ ನಾನು ಆರಿಸಿಕೊಂಡದ್ದು ಜೆಲ್ಲಿಫಿನ್. ಎಂಬಿ ಅನ್ನುವ ತಂತ್ರಾಂಶ ತನ್ನ ಕೋಡನ್ನು ಮುಚ್ಚಿಕೊಂಡಾಗ, 2018ರ ಡಿಸೆಂಬರ್‌ನಲ್ಲಿ ಅದರಿಂದ ಕವಲೊಡೆದು ಹುಟ್ಟಿದ್ದು ಇದು. ಪೂರ್ತಿ ಉಚಿತ, ಯಾರ ಬಳಿಯೂ ಖಾತೆ ತೆರೆಯಬೇಕಿಲ್ಲ, ಇಂಟರ್‌ನೆಟ್ ಹೋದರೂ ಮನೆಯೊಳಗೆ ನಡೆಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ವಾರಗಟ್ಟಲೆ ಇಂಟರ್‌ನೆಟ್ ಕೈಕೊಡುವುದುಂಟು, ಆದ್ದರಿಂದ ಈ ಗುಣ ನನಗೆ ಬಹಳ ಮುಖ್ಯ. ಮನೆಯ ವಿಡಿಯೋಗಳಿಗೆ ಲೈಬ್ರರಿ ಮಾಡುವಾಗ ಸಿನಿಮಾ ಅಂತ ಕೊಡಬೇಡಿ, ಮನೆಯ ವಿಡಿಯೋ ಅನ್ನುವ ಬಗೆಯನ್ನೇ ಆರಿಸಿ. ಇಲ್ಲದಿದ್ದರೆ ಅದು ಹೆಸರು ನೋಡಿ ಯಾವುದೋ ಸಿನಿಮಾದ ಪೋಸ್ಟರ್ ಹುಡುಕಿ ತಂದು ಅಂಟಿಸುತ್ತದೆ.

ಫೈಲ್ ಹೆಸರು ಕನ್ನಡದಲ್ಲೇ ಇಡಬೇಕು ಅನ್ನುವುದು ನನ್ನ ಹಟ. ಅಮ್ಮ ಓದಬೇಕಲ್ವಾ. ಇದರಲ್ಲಿ ಒಂದು ತೊಡಕಿದೆ, ಗೊತ್ತಿದ್ದರೆ ಒಳ್ಳೆಯದು. ಲಿನಕ್ಸ್‌ನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೆ ಯುಟಿಎಫ್-8 ಅನ್ನುವ ಶೇಖರಣಾ ಪದ್ಧತಿಯಲ್ಲಿ ಮೂರು ಬೈಟ್ ಹೋಗುತ್ತದೆ. ಅದರಲ್ಲೂ ಒತ್ತಕ್ಷರ ಬಂದರೆ ಇನ್ನೂ ಜಾಸ್ತಿ. 'ಕ್ಷ' ಕಣ್ಣಿಗೆ ಒಂದೇ ಅಕ್ಷರ, ಒಳಗೆ ಕ, ಹಲಂತ ಚಿಹ್ನೆ (್), ಷ ಸೇರಿ ಒಂಬತ್ತು ಬೈಟ್. ಹಾಗಾಗಿ ಹೆಸರು 85 ಚಿಹ್ನೆ ದಾಟುವ ಹಾಗಿಲ್ಲ. ವಿಂಡೋಸ್‌ನಲ್ಲಿ ಲೆಕ್ಕ ಬೇರೆ, ಅಲ್ಲಿ ಉದ್ದ ಹೆಸರೂ ನಡೆಯುತ್ತದೆ. ಅಲ್ಲಿಂದ ಲಿನಕ್ಸ್‌ಗೆ ಕಾಪಿ ಮಾಡುವಾಗ ಹೆಸರು ಜಾಸ್ತಿ ಉದ್ದವಾಯಿತು ಅಂತ ನಿಂತುಬಿಡುತ್ತದೆ. ಈಗ ನಾನು '1996-05 ಚಿಕ್ಕಪ್ಪನ ಮದುವೆ, ಧಾರೆ' ಅನ್ನುವ ಹಾಗೆ ಚಿಕ್ಕದಾಗಿ ಇಡುತ್ತೇನೆ. ವರ್ಷ ಮೊದಲು ಬಂದರೆ ಪಟ್ಟಿ ತಾನಾಗೇ ಸಾಲಾಗಿ ನಿಲ್ಲುತ್ತದೆ.

ಇನ್ನು ವಿಎಚ್‌ಎಸ್. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಭಾಗ ಇದು.

ವಿಸಿಆರ್ ತಯಾರಿಕೆ ನಿಂತೇಹೋಗಿದೆ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಕೊನೆಗೂ ಕೈಬಿಟ್ಟಿತು. ಆದ್ದರಿಂದ ಕ್ಯಾಸೆಟ್ ಹಾಳಾಗುವುದಕ್ಕಿಂತ ಮುಂಚೆ ಅದನ್ನು ಓಡಿಸುವ ಯಂತ್ರವೇ ಸಿಗದೇ ಹೋಗುವ ಭಯ ಜಾಸ್ತಿ. ನಮ್ಮ ಮಲೆನಾಡಿನ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟರೆ ಕಾಣುತ್ತದೆ. ಬೂಷ್ಟು ಕಂಡರೆ ಒಳ್ಳೇ ವಿಸಿಆರ್‌ಗೆ ಹಾಕಲೇಬೇಡಿ. ಟೇಪ್ ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಚೆನ್ನಾಗಿರುವ ಕ್ಯಾಸೆಟ್ ಆದರೂ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ ಸುತ್ತಿ, ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಬೇಕು. ವರ್ಷಗಟ್ಟಲೆ ಅಲುಗಾಡದ ಟೇಪ್ ಸಡಿಲವಾಗಿ ಸರಿಯಾಗಿ ಕೂರುತ್ತದೆ. ಹೆಡ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸುತ್ತೇನೆ.

ವಿಸಿಆರ್‌ನ ಹಳದಿ, ಬಿಳಿ, ಕೆಂಪು ವೈರುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಚುಚ್ಚಿ, ಅಲ್ಲಿಂದ ಕಂಪ್ಯೂಟರ್‌ಗೆ. ನಡುವೆ ಹಳೇ ಡಿವಿಡಿ ರೆಕಾರ್ಡರ್ ಒಂದನ್ನು ಸೇರಿಸಿ ಅದರ ಮೂಲಕ ಹಾಯಿಸಿದರೆ ಅಲುಗುವ ಗೆರೆಗಳು ಎಷ್ಟೋ ನೆಟ್ಟಗಾಗುತ್ತವೆ, ನಮ್ಮಲ್ಲಿದ್ದ ರೆಕಾರ್ಡರ್ ಈ ಉಪಕಾರ ಮಾಡಿತು. ಸೆಟ್ಟಿಂಗ್‌ನಲ್ಲಿ ಪಾಲ್ ಅಂತಲೇ ಇರಬೇಕು, 720 x 576. ಅಮೆರಿಕದ ಎನ್‌ಟಿಎಸ್‌ಸಿ ಇದ್ದರೆ ಬಣ್ಣವೇ ಬರುವುದಿಲ್ಲ, ಇಲ್ಲವೇ ಚಿತ್ರ ಉರುಳುತ್ತದೆ.

ಚಿಕ್ಕಪ್ಪನ ಮದುವೆ ಕ್ಯಾಸೆಟ್ ಕಂಪ್ಯೂಟರ್‌ನಲ್ಲಿ ಮೊದಲ ಸಲ ನೋಡಿದಾಗ ಎರಡು ವಿಚಿತ್ರ ಕಂಡವು. ಚಿತ್ರದ ತಳದಲ್ಲಿ ಸಣ್ಣ ಪಟ್ಟಿಯಷ್ಟು ಜಾಗ ಕಿತ್ತುಹೋದಂತೆ ಅಲುಗುತ್ತಿತ್ತು. ಅದು ಟೇಪಿನ ದೋಷ ಅಲ್ಲ. ವಿಸಿಆರ್ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಗುವ ಜಾಗ ಅದು. ಹಳೇ ಡಬ್ಬಾ ಟಿವಿಗಳಲ್ಲಿ ಚಿತ್ರದ ಅಂಚು ಪರದೆಯ ಆಚೆ ಹೋಗುತ್ತಿದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ. ಇನ್ನೊಂದು, ಅಕ್ಷತೆ ಎರಚುವ ಕೈಗಳ ಅಂಚಿನಲ್ಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆಗಳು. ಪಾಲ್ ಚಿತ್ರ ಸೆಕೆಂಡಿಗೆ 25 ಫ್ರೇಮ್ ಅಂದರೂ ನಿಜಕ್ಕೂ ಬರುವುದು 50 ಅರ್ಧ ಚಿತ್ರಗಳು, ಒಂದರಲ್ಲಿ ಬೆಸ ಗೆರೆ, ಮತ್ತೊಂದರಲ್ಲಿ ಸಮ ಗೆರೆ. ಎರಡರ ನಡುವೆ ಕೈ ಸರಿದಿರುತ್ತದೆ. ಸುಮಾರು ತಂತ್ರಾಂಶಗಳು ಎರಡನ್ನೂ ಸೇರಿಸಿ 25 ಫ್ರೇಮ್ ಮಾಡಿಬಿಡುತ್ತವೆ. ಆಗ ಗೆರೆ ಹೋಗುತ್ತದೆ, ಜೊತೆಗೆ ಚಲನೆಯ ನಯವೂ ಅರ್ಧ ಹೋಗುತ್ತದೆ. ನಾನು ವಿಡಿಯೋ ಬದಲಾಯಿಸುವ ಉಚಿತ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನ ಯಾಡಿಫ್ ಫಿಲ್ಟರ್‌ನಲ್ಲಿ ಪ್ರತಿ ಅರ್ಧ ಚಿತ್ರಕ್ಕೂ ಒಂದು ಪೂರ್ತಿ ಫ್ರೇಮ್ ಬರುವಂತೆ ಕೊಟ್ಟೆ. ಸೆಕೆಂಡಿಗೆ 50 ಫ್ರೇಮ್. ಅಕ್ಷತೆ ಬೀಳುವುದು, ಆರತಿ ತಟ್ಟೆ ತಿರುಗುವುದು ಎಲ್ಲ ಅವತ್ತು ಟಿವಿಯಲ್ಲಿ ಕಂಡಷ್ಟೇ ನಯವಾಗಿ ಬಂತು. ಇಷ್ಟು ಮಾಡಿದ್ದಕ್ಕೆ ಸಾರ್ಥಕ ಅನ್ನಿಸಿದ್ದು ಆಗ.

ನೋಡುವ ಪ್ರತಿಯನ್ನು ನಾನು ಎಚ್.264ರಲ್ಲೇ ಇಟ್ಟೆ, ಎವಿ1ರಲ್ಲಿ ಅಲ್ಲ. ಹೊಸದು ಬಂದಿದೆ ಅಂತ ಎಲ್ಲವನ್ನೂ ಅದಕ್ಕೆ ಬದಲಾಯಿಸಬೇಕಿಲ್ಲ. ಇಂಥ ಚಿಕ್ಕ ಚಿತ್ರಕ್ಕೆ ಉಳಿಯುವ ಜಾಗ ಅಷ್ಟಕ್ಕಷ್ಟೇ, ಅತ್ತಿಗೆಯ ತವರಿನ ಹಳೇ ಟಿವಿಯಲ್ಲೂ ಪೆನ್‌ಡ್ರೈವ್ ಚುಚ್ಚಿದರೆ ಓಡಬೇಕು. ಕ್ಯಾಪ್ಚರ್ ಮಾಡಿದ ಮೂಲ ಫೈಲನ್ನು ಮಾತ್ರ ಏನೂ ಮುಟ್ಟದೆ ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೇನೆ. ನಾಳೆ ಇನ್ನೂ ಒಳ್ಳೆಯ ಫಿಲ್ಟರ್ ಬಂದರೆ ಅದರಿಂದಲೇ ಮತ್ತೆ ಶುರು ಮಾಡಬಹುದು.

ಎಐ ಬಳಸಿ ಹಳೇ ವಿಡಿಯೋ ದೊಡ್ಡದು ಮಾಡುವ ತಂತ್ರಾಂಶಗಳೂ ಈಗ ಬಂದಿವೆ. ಒಂದನ್ನು ಹಾಕಿ ನೋಡಿದೆ. ಸೀರೆಯ ಜರಿ, ಚಪ್ಪರದ ಅಡಿಕೆ ಹೊಂಬಾಳೆ ಚೆನ್ನಾಗೇ ಬಂತು. ಅಮ್ಮನಿಗೆ ತೋರಿಸಿದೆ. ಅಜ್ಜಿ ಬರುವ ಜಾಗಕ್ಕೆ ಬಂದಾಗ, "ಇದು ನಮ್ಮತ್ತೆ ಮುಖ ಅಲ್ವೇ ಅಲ್ಲ ಮಾರಾಯ, ತೆಗಿ ಅದನ್ನ" ಅಂದರು. ಹೌದು, ಟೇಪಿನಲ್ಲಿ ಇಲ್ಲದ ವಿವರವನ್ನು ಅದು ಊಹಿಸಿ ತುಂಬಿರುತ್ತದೆ. ಬೇರೆ ಯಾರದೋ ಕಣ್ಣು, ಬೇರೆ ಯಾರದೋ ತುಟಿ. ಮಸುಕಾದರೂ ಅಜ್ಜಿಯೇ ಇರಲಿ. ಮನೆಯವರ ಮುಖಗಳಿಗೆ ಈ ಎಐ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆಯೇ 4:3 ಚಿತ್ರವನ್ನು ಟಿವಿ ತುಂಬ ಎಳೆದು ಎಲ್ಲರನ್ನೂ ದಪ್ಪ ಮಾಡುವುದೂ ಬೇಡ. ಎರಡು ಕಡೆ ಕಪ್ಪು ಪಟ್ಟಿ ಇದ್ದರೆ ಏನೂ ನಷ್ಟವಿಲ್ಲ.

ವಿಸಿಡಿಗಳದ್ದು ಸುಲಭ. ಡಿಸ್ಕಿನಲ್ಲಿರುವ ಡ್ಯಾಟ್ ಫೈಲಿನೊಳಗೆ ಇರುವುದು ಎಂಪೆಗ್-1 ತಾನೆ, ಮತ್ತೆ ಕುಗ್ಗಿಸದೆ ಹೊರಕವಚ ಮಾತ್ರ ಬದಲಾಯಿಸಿದರೆ ಆಯಿತು. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಕಂಪನಿಯ ಡ್ರೈವ್ ಓದುವುದುಂಟು.

ಆಡಿಯೋ ಕ್ಯಾಸೆಟ್‌ಗಳಲ್ಲಿ ಅಜ್ಜ ಹಾಡಿದ ದೇವರನಾಮಗಳಿದ್ದವು, ಭದ್ರಾವತಿ ಆಕಾಶವಾಣಿಯಿಂದ ತುಂಬಿಸಿಕೊಂಡ ಕಾರ್ಯಕ್ರಮಗಳೂ ಇದ್ದವು. ಇಲ್ಲಿ ಒಂದೇ ಕಿವಿಮಾತು: ಪ್ಲೇಯರ್‌ನ ಹೆಡ್ ಪಕ್ಕ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಹೆಡ್ಡಿನ ಓರೆ ಸರಿ ಮಾಡುವುದು ಅದೇ. ಕ್ಯಾಸೆಟ್ ಓಡುತ್ತಿರುವಾಗ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೇಳಿ. ಮಂಕಾಗಿದ್ದ ದನಿ ಒಂದು ಜಾಗದಲ್ಲಿ ತಟ್ಟನೆ ತೆರೆದುಕೊಳ್ಳುತ್ತದೆ, ತಾಳದ ಸದ್ದು ಬಿಡಿಬಿಡಿಯಾಗಿ ಕೇಳುತ್ತದೆ. ಬೇರೆ ಬೇರೆ ಯಂತ್ರದಲ್ಲಿ ತುಂಬಿಸಿದ ಕ್ಯಾಸೆಟ್‌ಗಳಿಗೆ ಈ ಜಾಗ ಬೇರೆ ಬೇರೆ. ಇದನ್ನು ಮಾಡದೆ ಆಮೇಲೆ ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಎಷ್ಟು ಟ್ರೆಬಲ್ ಏರಿಸಿದರೂ ಆ ಸ್ಪಷ್ಟತೆ ಬರುವುದಿಲ್ಲ. ಉಳಿಸುವುದು ಫ್ಲ್ಯಾಕ್ ಅನ್ನುವ ಧ್ವನಿ ಫೈಲಿನ ಬಗೆಯಲ್ಲಿ, ಅದರಲ್ಲಿ ಏನೂ ಕಳೆಯುವುದಿಲ್ಲ.

ಕರೆಂಟಿನ ವಿಷಯ. ಸುಮ್ನೆ ಕೂತಾಗ ನನ್ನ ಡೆಸ್ಕ್‌ಟಾಪ್ ಸುಮಾರು 30 ವ್ಯಾಟ್ ಎಳೆಯುತ್ತದೆ. ಇಡೀ ದಿನ ಬಿಟ್ಟರೆ ತಿಂಗಳಿಗೆ 21-22 ಯೂನಿಟ್. ನಮಗೆ ಬೇಕಾಗುವುದು ಸಂಜೆ ಮಾತ್ರ, ಆದ್ದರಿಂದ ಅಷ್ಟು ಹೊತ್ತೇ ಆನ್ ಇರುತ್ತದೆ. ದಿನವಿಡೀ ಬೇಕು ಅನ್ನುವವರಿಗೆ 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿಗಳು ಚೆನ್ನ. ಚಿಪ್ಪಿನ ಶಾಖಮಿತಿ, ಅಂದರೆ ಸತತ ಕೆಲಸದಲ್ಲಿ ಅದು ಎಳೆಯುವ ಕರೆಂಟಿನ ಅಂದಾಜು, 6 ವ್ಯಾಟ್ ಅಷ್ಟೇ, 10 ಬಿಟ್ ಎಚ್‌ಇವಿಸಿ, ಎವಿ1 ಎರಡನ್ನೂ ಬಿಚ್ಚುತ್ತದೆ. ಯುಪಿಎಸ್ ಮಾತ್ರ ಯಾವುದಕ್ಕಾದರೂ ಬೇಕು, ಅದರ ಯುಎಸ್‌ಬಿ ವೈರನ್ನು ಸರ್ವರ್‌ಗೆ ಸೇರಿಸಿಟ್ಟರೆ ಬ್ಯಾಟರಿ ಮುಗಿಯುವ ಮುಂಚೆ ತಾನಾಗೇ ಶಟ್‌ಡೌನ್ ಆಗುತ್ತದೆ. ಸಿಡಿಲಿನ ಹೊತ್ತಲ್ಲಿ ಪ್ಲಗ್ ಜೊತೆ ನೆಟ್‌ವರ್ಕ್ ಕೇಬಲ್ಲನ್ನೂ ಕಿತ್ತಿಡಿ. ಎಲ್ಲದರ ಇನ್ನೊಂದು ಪ್ರತಿ ಬೆಂಗಳೂರಿನಲ್ಲಿ ಅಣ್ಣನ ಮನೆಯ ಹಾರ್ಡ್‌ಡಿಸ್ಕಿನಲ್ಲಿದೆ.

ನಾನು ಇನ್ನೂ ಮಿನಿ ಪಿಸಿಗೆ ಹೋಗದೆ ಇರುವುದಕ್ಕೆ ಬೇರೆ ಕಾರಣವಿದೆ. ಅತ್ತೆಯ ಮನೆಯಲ್ಲಿ ವಿಡಿಯೋ ಕ್ಯಾಮೆರಾಗೆ ಹಾಕುವ ಚಿಕ್ಕ ಮಿನಿಡಿವಿ ಕ್ಯಾಸೆಟ್‌ಗಳಿವೆ. ಅವು ಡಿಜಿಟಲ್, ಫೈರ್‌ವೈರ್ ಅನ್ನುವ ಹಳೇ ಕೇಬಲ್ ಸಂಪರ್ಕದ ಮೂಲಕ ತಂದರೆ ಏನೂ ಕಳೆಯದ ನಕಲೇ ಸಿಗುತ್ತದೆ, ಗಂಟೆಗೆ ಸುಮಾರು 13 ಜಿಬಿ. ಆದರೆ ಹೊಸ ಕಂಪ್ಯೂಟರ್‌ಗಳಲ್ಲಿ ಫೈರ್‌ವೈರ್ ಇಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಅದರ ಬೆಂಬಲವನ್ನು 2029ರ ವರೆಗೆ ನಡೆಸಿಕೊಂಡು ಹೋಗುವ ಯೋಜನೆ ಇದೆ. ಹಳೇ ಡೆಸ್ಕ್‌ಟಾಪ್‌ನಲ್ಲಿ ಖಾಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದೆ, ಅದಕ್ಕೆ ಕಾರ್ಡ್ ತರಿಸಿ ಹಾಕಿದ್ದೇನೆ. ಹಬ್ಬಕ್ಕೆ ಬರುವಾಗ ಅತ್ತೆ ಕ್ಯಾಸೆಟ್‌ಗಳ ಜೊತೆ ಕ್ಯಾಮೆರಾವನ್ನೂ ಅದರ ಚಾರ್ಜರನ್ನೂ ತರುತ್ತಾರೆ. ನಿಮ್ಮ ಮನೆಯಲ್ಲೂ ಮಿನಿಡಿವಿ ಇದ್ದರೆ ಮೊದಲು ಕ್ಯಾಮೆರಾ ಆನ್ ಆಗುತ್ತದಾ, ಒಳಗೆ ಟೇಪ್ ತಿರುಗುತ್ತದಾ ಅಂತ ಬೇಡದ ಕ್ಯಾಸೆಟ್ ಒಂದನ್ನು ಹಾಕಿ ನೋಡಿಕೊಳ್ಳಿ. ಕಾರ್ಡು, ಕೇಬಲ್ಲು ಆಮೇಲೂ ತರಿಸಬಹುದು.