ಯಹೂದಿ ನರಮೇಧದಲ್ಲಿ ಕಳೆದುಹೋದ ಬಂಧುಗಳನ್ನು ಹುಡುಕುವುದು ಹೇಗೆ?

ನನ್ನ ಸೊಸೆ ವಿಯೆನ್ನಾದವಳು. ಅವಳ ಅಜ್ಜಿಯ ಚಿಕ್ಕಮ್ಮ ಹಿಟ್ಲರ್ ಕಾಲದಲ್ಲಿ ಏನಾದರು ಅಂತ ಅವರ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾವು ಅತ್ತೆ-ಸೊಸೆ ಸಾಗರದ ಮನೆಯಲ್ಲೇ ಕೂತು ಹುಡುಕಿದೆವು. ಈ ಕೆಲಸಕ್ಕೆ ಕೈ ಹಾಕುವವರಿಗೆ ಹೇಳುವುದಿಷ್ಟು: ನಾಜಿಗಳ ಸೆರೆ ಕ್ಯಾಂಪುಗಳ ಪಟ್ಟಿಯಿಂದ ಶುರು ಮಾಡಬೇಡಿ. ಅವರು ಬದುಕಿದ್ದ ಮನೆಯಿಂದ ಶುರು ಮಾಡಿ.

ಮೊದಲು ಹಿರಿಯರನ್ನು ಮಾತಾಡಿಸಿ. ಸಾವಿನ ಬಗ್ಗೆ ಕೇಳಬೇಡಿ. ಅಡುಗೆ, ಅಕ್ಕಪಕ್ಕದವರು, ಮಾಡುತ್ತಿದ್ದ ಕೆಲಸ ಕೇಳಿ. 'ಚಿಕ್ಕಜ್ಜಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರಂತೆ' ಅಂತ ನಮ್ಮ ಬೀಗಿತ್ತಿಗೆ ನೆನಪಾಗಿದ್ದು ಹಾಗೆ.

ಒಂದು ಸಲಕ್ಕೆ ಒಬ್ಬರನ್ನೇ ಹುಡುಕಿ. ಪೂರ್ತಿ ಹೆಸರು, ತವರಿನ ಮನೆತನದ ಹೆಸರು, ಹುಟ್ಟಿದ ದಿನ, ಊರು ಬರೆದುಕೊಳ್ಳಿ. ಹುಟ್ಟಿದ ದಿನ ನಮ್ಮ ಜಮೀನಿನ ಸರ್ವೆ ನಂಬರ್ ಇದ್ದ ಹಾಗೆ. ಒಂದೇ ಹೆಸರಿನವರು ಹತ್ತಾರು ಜನ ಸಿಕ್ಕಾಗ ಅದೇ ಗತಿ. ನಾಜಿ ಸರ್ಕಾರ 1939ರಿಂದ ಯಹೂದಿ ಹೆಂಗಸರ ಹೆಸರಿಗೆ 'ಸಾರಾ', ಗಂಡಸರ ಹೆಸರಿಗೆ 'ಇಸ್ರೇಲ್' ಅಂತ ಒತ್ತಾಯದಿಂದ ಸೇರಿಸಿತ್ತು. ಅದನ್ನು ನೋಡಿ ಬೇರೆ ಯಾರೋ ಅಂದುಕೊಳ್ಳಬೇಡಿ. ಊರಿನ ಹೆಸರೂ ಬದಲಾಗಿರುತ್ತದೆ. ಲೆಂಬರ್ಗ್, ಲ್ವಿವ್ ಎರಡೂ ಒಂದೇ ಊರು.

ಆಮೇಲೆ ನರಮೇಧದಲ್ಲಿ ಸತ್ತವರ ಹೆಸರು ಕಾಪಾಡುವ ಜೆರುಸಲೇಮಿನ ಸ್ಮಾರಕ ಯಾದ್ ವಾಶೆಮ್ ಮತ್ತು ನಾಜಿಗಳಿಂದ ನೊಂದವರ ಕಾಗದಪತ್ರ ಇಟ್ಟಿರುವ ಜರ್ಮನಿಯ ಆರೋಲ್ಸೆನ್ ಆರ್ಕೈವ್ಸ್‌ನಲ್ಲಿ ಹುಡುಕಿ. ಎರಡೂ ಆನ್‌ಲೈನ್‌ನಲ್ಲಿವೆ, ದುಡ್ಡು ಕೊಡಬೇಕಿಲ್ಲ. ನಮ್ಮಲ್ಲಿ ಮಳೆ ಜೋರಾದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಹಾಗಾಗಿ ಸಿಕ್ಕ ಪುಟವನ್ನು ಆಗಲೇ ಉಳಿಸಿ, ಎಲ್ಲಿ ಸಿಕ್ಕಿತು ಅಂತಲೂ ಬರೆದಿಡಿ.

ವಿಯೆನ್ನಾದವರಾದರೆ ಒಂದು ವಿಷಯ ಗಮನಿಸಿ. ಪಟ್ಟಿಯಲ್ಲಿರುವ ಕೊನೆಯ ವಿಳಾಸ ಸ್ವಂತ ಮನೆಯದೇ ಆಗಿರಬೇಕಿಲ್ಲ. ಎಷ್ಟೋ ಕುಟುಂಬಗಳನ್ನು ಮನೆ ಬಿಡಿಸಿ, ಅದೇ ಊರಿನ ಒಂದು ಬಡಾವಣೆಯಾದ ಲಿಯೋಪೋಲ್ಡ್‌ಸ್ಟಾಟ್‌ನ ಇಕ್ಕಟ್ಟಾದ ಕೋಣೆಗಳಿಗೆ ತುಂಬಿದ್ದರು. ಮೊದಲಿನ ಮನೆಗೆ 'ಲೇಮನ್' (Lehmann) ಅನ್ನುವ ಹಳೇ ವಿಳಾಸ ಪುಸ್ತಕ ನೋಡಿ. ಹೆಂಗಸರು ಸಿಗದಿದ್ದರೆ ಗಂಡನ ಹೆಸರಲ್ಲಿ ಹುಡುಕಿ. 1938ರಲ್ಲಿ, ಆಗಿನ ಜರ್ಮನ್ ಹಣದಲ್ಲಿ 5,000 ರೈಶ್‌ಮಾರ್ಕ್‌ಗಿಂತ ಜಾಸ್ತಿ ಆಸ್ತಿ ಇದ್ದ ಯಹೂದಿಗಳು ಏನೇನಿದೆ ಅಂತ ಪಟ್ಟಿ ಮಾಡಿ ಸರ್ಕಾರಕ್ಕೆ ತಿಳಿಸಬೇಕಿತ್ತು. ಆ ಪಟ್ಟಿಗಳು ಆಸ್ಟ್ರಿಯಾದ ರಾಜ್ಯ ಪತ್ರಾಗಾರದಲ್ಲಿವೆ. ಸೊಸೆ ಒಂದರ ಪ್ರತಿ ತರಿಸಿದಳು. ಬೆಳ್ಳಿ ಚಮಚ, ಒಂದು ಉಂಗುರ, ಅದರ ಕೆಳಗೆ ಹೊಲಿಗೆ ಮಷಿನ್, ಎದುರಿಗೆ ಅದರ ಬೆಲೆ. ಬೀಗಿತ್ತಿ ಹೇಳಿದ್ದು ನಿಜ ಅಂತ ಗೊತ್ತಾಗಿ ಇಬ್ಬರಿಗೂ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಕ್ಯಾಂಪಿನ ರಿಜಿಸ್ಟರಿನಲ್ಲಿ ಹೆಸರಿಲ್ಲ ಅಂದರೆ ಬದುಕಿ ಉಳಿದರು ಅಂತಲ್ಲ. 1942ರಲ್ಲಿ ವಿಯೆನ್ನಾದಿಂದ ಬೆಲಾರೂಸಿನ ಮಿನ್ಸ್ಕ್ ಹತ್ತಿರದ ಮಾಲಿ ಟ್ರೊಸ್ಟಿನೆಟ್ಸ್‌ಗೆ ಸಾಗಿಸಿದವರಲ್ಲಿ ಹೆಚ್ಚಿನವರನ್ನು ತಲುಪಿದ ಕೂಡಲೇ ಕೊಂದರು. ಅಂಥವರಿಗೆ ರೈಲಿಗೆ ಹತ್ತಿಸಿದವರ ಪಟ್ಟಿಯೇ ಕೊನೆಯ ಕಾಗದ.

ಯಾದ್ ವಾಶೆಮ್‌ನಲ್ಲಿ ನಿಮ್ಮವರ ಹೆಸರಲ್ಲಿ ಸಾಕ್ಷ್ಯಪತ್ರ (ಸತ್ತವರ ಬಗ್ಗೆ ಗೊತ್ತಿದ್ದವರು ತುಂಬಿ ಕೊಡುವ ಫಾರ್ಮು) ಇದ್ದರೆ, ಅದನ್ನು ತುಂಬಿದವರು ಯಾರು ಅಂತ ನೋಡಿ. ನಿಮಗೆ ಗೊತ್ತೇ ಇಲ್ಲದ ಬಂಧು ಇರಬಹುದು. ಇಲ್ಲದಿದ್ದರೆ ನೀವೇ ತುಂಬಿ, ಫೋಟೋ ಇದ್ದರೆ ಸೇರಿಸಿ. ಸಂಬಂಧ ಏನು ಅನ್ನುವ ಜಾಗವನ್ನು ಖಾಲಿ ಬಿಡಬೇಡಿ. ಮುಂದೆ ಅದೇ ಹೆಸರು ಹುಡುಕುವವರು ಅದನ್ನು ಹಿಡಿದೇ ನಿಮ್ಮ ಹತ್ತಿರ ಬರಬೇಕು.