ತಲೆ ಆಡಿಸುತ್ತಲೇ ಓದಬೇಕು

ತಲೆಸುತ್ತಿನವರು ನನ್ನ ಬಳಿ ಬರುವ ಹೊತ್ತಿಗೆ ಕತ್ತು ಆಡಿಸುವುದನ್ನೇ ಬಿಟ್ಟಿರುತ್ತಾರೆ. ಪಕ್ಕದಿಂದ ಯಾರಾದರೂ ಕರೆದರೆ ಸೊಂಟದಿಂದ ಮೇಲಿನ ದೇಹವನ್ನೆಲ್ಲ ಒಟ್ಟಿಗೇ ತಿರುಗಿಸುತ್ತಾರೆ. ಪಿತ್ತವೆಂದು ಕಷಾಯ ಕುಡಿದು, ಬಿ.ಪಿ. ನೋಡಿಸಿಕೊಂಡು, ಕೊನೆಗೆ ಕಿವಿ ವೈದ್ಯರ ಚೀಟಿ ಹಿಡಿದು ಫಿಸಿಯೋಥೆರಪಿಗೆ ಬರುವುದು ಮಾಮೂಲು. ಕತ್ತು ಬಿಗಿಹಿಡಿದಷ್ಟೂ ದಿನ ಗುಣವಾಗುವುದು ತಡವಾಗುತ್ತದೆ ಎಂದು ಅವರನ್ನು ಒಪ್ಪಿಸುವುದೇ ನನ್ನ ಕೆಲಸದ ಕಷ್ಟದ ಭಾಗ.

ಮಾತಿಗಿಂತ ಅಂಗೈ ವಾಸಿ. ಅಂಗೈಯನ್ನು ಮುಖದ ಮುಂದೆ ಹಿಡಿದು ಬೇಗಬೇಗ ಆಡಿಸಿದರೆ ರೇಖೆಗಳು ಕಲಸಿಹೋಗುತ್ತವೆ. ಕೈಯನ್ನು ನಿಲ್ಲಿಸಿ ತಲೆಯನ್ನು ಅಷ್ಟೇ ವೇಗವಾಗಿ ಆಡಿಸಿದರೆ ರೇಖೆಗಳು ಸ್ಪಷ್ಟವಾಗಿ ಕಾಣುತ್ತವೆ. ಓಡುವ ವಸ್ತುವನ್ನು ಕಣ್ಣು ನೋಡಿ ಹಿಂಬಾಲಿಸಲು ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗ ಬೇಕು. ತಲೆ ತಿರುಗಿದ್ದು ಮಾತ್ರ ಒಳಕಿವಿಯ ಅರೆವೃತ್ತಾಕಾರದ ನಾಳಗಳಿಗೆ ಕೂಡಲೇ ಗೊತ್ತಾಗುತ್ತದೆ. ಅಲ್ಲಿಂದ ಮೂರೇ ನರಕೋಶಗಳ ಹಾದಿಯಲ್ಲಿ, ಸುಮಾರು 10 ಮಿಲಿಸೆಕೆಂಡಿನೊಳಗೆ, ಕಣ್ಣುಗುಡ್ಡೆ ತಲೆಗೆ ವಿರುದ್ಧ ದಿಕ್ಕಿನಲ್ಲಿ ಹೊರಳಿರುತ್ತದೆ. ಜೊತೆಗೆ ಬಂದ ಮನೆಯವರು ಇದನ್ನು ಮಾಡಿ ಬೆರಗಾಗುತ್ತಾರೆ. ರೋಗಿಗೆ ಎರಡೂ ಸಲ ಮಸುಕೇ.

ಒಬ್ಬ ಬಸ್ ನಿರ್ವಾಹಕರ ವಿಷಯ ಹೇಳುತ್ತೇನೆ. ಎಡಗಿವಿಯ ಸಮತೋಲನದ ನರಕ್ಕೆ ಉರಿಯೂತ ಬಂದಿತ್ತು. ನನ್ನ ಮೂಗನ್ನೇ ದಿಟ್ಟಿಸಲು ಹೇಳಿ, ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಟ್ಟನೆ ತುಸುವೇ ತಿರುಗಿಸಿದೆ. ಬಲಕ್ಕೆ ತಿರುಗಿಸಿದಾಗ ನೋಟ ಕದಲಲಿಲ್ಲ. ಎಡಕ್ಕೆ ತಿರುಗಿಸಿದಾಗ ಕಣ್ಣು ತಲೆಯ ಜೊತೆಗೇ ಹೋಗಿ, ಆಮೇಲೆ ನನ್ನ ಮೂಗಿಗೆ ಜಿಗಿದು ಬಂತು. 1988ರಲ್ಲಿ ಹಲ್ಮಾಗಿ ಮತ್ತು ಕರ್ಥಾಯ್ಸ್ ಎಂಬ ಸಂಶೋಧಕರು ವಿವರಿಸಿದ ಪರೀಕ್ಷೆಯಿದು. ಯಂತ್ರ ಬೇಡ, ಆ ಜಿಗಿತ ಕಂಡರೆ ಸಾಕು.

“ಮೇಡಂ, ಮಾತ್ರೆ ತಗೊಂಡು ಅಲ್ಲಾಡದೆ ಮಲಗಿದರೆ ಆರಾಮ ಇರುತ್ತದೆ” ಎಂದರು. ಇರುತ್ತದೆ ನಿಜ. ವಾಂತಿಯ ಮೊದಲ ದಿನಗಳಲ್ಲಿ ಆ ಮಾತ್ರೆ ಬೇಕು ಕೂಡ. ಆದರೆ ತಲೆ ಆಡಿದಾಗ ಕಣ್ಣಿನೊಳಗಿನ ಪರದೆಯಾದ ಅಕ್ಷಿಪಟಲದ ಮೇಲೆ ಬಿಂಬ ಜಾರುತ್ತದಲ್ಲ, ಮಿದುಳಿನ ಹಿಂಭಾಗದ ಅನುಮಸ್ತಿಷ್ಕಕ್ಕೆ ತಪ್ಪು ತಿಳಿಯುವುದು ಆ ಜಾರುವಿಕೆಯಿಂದಲೇ. ಅದನ್ನು ನೋಡಿಕೊಂಡು ಅದು ಕಣ್ಣು ಎಷ್ಟು ಹೊರಳಬೇಕೆಂಬ ಲೆಕ್ಕವನ್ನು ತಿದ್ದುತ್ತದೆ. ಹೊಸ ಕನ್ನಡಕ ಹಾಕಿದಾಗ ಒಂದೆರಡು ದಿನ ನೆಲ ಓಲಾಡಿ, ಆಮೇಲೆ ಸರಿಹೋಗುವುದಕ್ಕೂ ಈ ತಿದ್ದುಪಡಿಯೇ ಕಾರಣ. ಮಾತ್ರೆ ದೀರ್ಘಕಾಲ ಮುಂದುವರಿದರೆ ಈ ಕಲಿಕೆ ನಿಧಾನವಾಗುತ್ತದೆ. ವೈದ್ಯರೊಡನೆ ಮಾತಾಡಿ ಅದನ್ನು ಇಳಿಸಿಕೊಂಡೆವು.

ವ್ಯಾಯಾಮಕ್ಕೆ ಬೇಕಾದದ್ದು ಒಂದು ರಟ್ಟಿನ ಚೂರು, ಅದರ ಮೇಲೆ ‘ಅ’. ಗೋಡೆಗೆ ಅಂಟಿಸಿ, ನೋಟ ಅಲ್ಲೇ ಇಟ್ಟು, ‘ಇಲ್ಲ’ ಎನ್ನುವಂತೆ ತಲೆ ಆಡಿಸಬೇಕು. ವೇಗ ಮುಖ್ಯ: ಅಕ್ಷರ ಇನ್ನೇನು ಮಸುಕಾಗುತ್ತದೆ ಎನ್ನುವವರೆಗೆ ಏರಿಸಿ, ಆ ವೇಗದಲ್ಲೇ ಆಡಿಸುತ್ತಿರಬೇಕು. ನಿಧಾನವಾದರೆ ಒಳಕಿವಿಗೆ ಕೆಲಸವಿಲ್ಲ, ಕಣ್ಣೇ ಹಿಂಬಾಲಿಸಿಬಿಡುತ್ತದೆ. ನಿಮಿಷ ನಿಮಿಷದ ಕಂತುಗಳಲ್ಲಿ, ಹೊಸ ತೊಂದರೆಗೆ ದಿನಕ್ಕೆ ಒಟ್ಟು 12 ನಿಮಿಷ, ಹಳೆಯದಕ್ಕೆ 20 ನಿಮಿಷವಾದರೂ ಆಗಬೇಕು. ಮುಂದಿನ ಹಂತದಲ್ಲಿ ರಟ್ಟು ಕೈಗೆ ಬರುತ್ತದೆ, ತಲೆ ಎಡಕ್ಕೆ ಹೋದರೆ ರಟ್ಟು ಬಲಕ್ಕೆ. ಕೊನೆಗೆ ಅಕ್ಷರದ ಹಿಂದೆ ಚೌಕಳಿ ಬೆಡ್‌ಶೀಟ್ ಕಟ್ಟುತ್ತೇನೆ. ಅದನ್ನು ಬೈಯದ ರೋಗಿಯನ್ನು ನಾನು ಕಂಡಿಲ್ಲ.

ಬಸ್ಸು ಬೇರೆಯದೇ ತಕರಾರು. ಒಳಗೆ ನಿಂತವರಿಗೆ ಸೀಟು, ಕಂಬಿ, ಟಿಕೆಟ್ ಯಂತ್ರ ಎಲ್ಲವೂ ನಿಂತಂತೆ ಕಾಣುತ್ತವೆ. ಬ್ರೇಕು, ತಿರುವುಗಳ ಸುದ್ದಿಯನ್ನು ಒಳಕಿವಿ ಹೇಳುತ್ತದೆ. ಮಿದುಳು ಎರಡನ್ನೂ ಕೂಡಿಸುವಾಗ ಹೆಚ್ಚು ಭರವಸೆಯ ಸುದ್ದಿಗೆ ಹೆಚ್ಚು ತೂಕ ಕೊಡುತ್ತದೆ. ಕಿವಿ ಕೆಟ್ಟ ಮೇಲೆ ಕಣ್ಣಿನ ಮೇಲೇ ಭಾರ ಹಾಕುವ ರೂಢಿಯಾಗಿ, ಕಿಟಕಿಯಾಚೆ ಲಾರಿಯೊಂದು ಸರಿದರೂ ತಾನೇ ಜಾರಿದಂತಾಗುತ್ತದೆ. ಅದಕ್ಕಾಗಿ ಅವರನ್ನು ದಪ್ಪ ಸ್ಪಂಜಿನ ಮೇಲೆ ಕಣ್ಣು ಮುಚ್ಚಿ ನಿಲ್ಲಿಸಿದೆ. ಪಾದದ ಸುದ್ದಿ ಅಸ್ಪಷ್ಟ, ಕಣ್ಣಿನದು ಇಲ್ಲವೇ ಇಲ್ಲ. ಉಳಿದ ಕಿವಿಯನ್ನು ನಂಬದೆ ಗತಿಯಿಲ್ಲ. ಹೆಂಡತಿ ಬೆನ್ನ ಹಿಂದೆಯೇ ನಿಂತಿರಬೇಕು ಎಂಬ ಷರತ್ತಿನೊಂದಿಗೆ ಮನೆಯಲ್ಲೂ ಮಾಡಿಸಿದೆ.

ಈಗ ಅವರು ಕೆಲಸಕ್ಕೆ ಹೋಗುತ್ತಿದ್ದಾರೆ. ಎಡಕ್ಕೆ ತಲೆ ತಿರುಗಿಸಿದರೆ ಆ ಜಿಗಿತ ನನ್ನ ಬರಿಗಣ್ಣಿಗೆ ಕಾಣುವುದಿಲ್ಲ. ನರ ಪೂರ್ತಿ ಚೇತರಿಸಿಕೊಂಡಿದೆ ಎಂದು ಇದರಿಂದ ಹೇಳಲಾಗದು. ತಲೆ ಇನ್ನೂ ತಿರುಗುತ್ತಿರುವಾಗಲೇ ಕಣ್ಣು ಗುಟ್ಟಾಗಿ ಜಿಗಿದು ಮುಗಿಸುವುದನ್ನು ಕಲಿತಿದ್ದರೆ, ಅದನ್ನು ಹಿಡಿಯಲು ಕ್ಯಾಮೆರಾ ಕನ್ನಡಕವೇ ಬೇಕು. ದೀಪ ಆರಿಸಿದ ರಾತ್ರಿ ಬಸ್ಸಿನಲ್ಲಿ ಇನ್ನೂ ತೂರಾಡುತ್ತಾರಂತೆ. ಹಾಗಾಗಿ ಸ್ಪಂಜು ಮುಂದುವರಿದಿದೆ.